ಸಿಸೆಲ್ ಎಂಬ ನೆಲದ ಅಳಿಲನ್ನು ಮತ್ತೆ ಹುಲ್ಲುಗಾವಲಿಗೆ ತರುವುದು ಹೇಗೆ

ಬೆಳಿಗ್ಗೆ ಏಳರ ಹೊತ್ತು. ಕೈಯಲ್ಲೊಂದು ದಪ್ಪ ಬಟ್ಟೆಯ ಚೀಲ, ಅದರೊಳಗೆ ಕಾಲು ಕೆ.ಜಿ. ತೂಕದ ಜೀವವೊಂದು ಮಿಸುಕಾಡುತ್ತಿದೆ. ಚೀಲದ ಬಾಯನ್ನು ನೆಲದಲ್ಲಿ ಕೊರೆದ ತೂತಿಗೆ ಹಿಡಿದು ಕಾಯಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಮೂಗು, ಒಂದಿಷ್ಟು ಮೀಸೆ. ಕತ್ತಲೆಯ ವಾಸನೆ ಸಿಕ್ಕಿತೋ ಏನೋ, ಸರ್ರನೆ ಒಳಗೆ ಹೋಗಿಬಿಡುತ್ತದೆ. ಆ ಕ್ಷಣವೇ ಪಕ್ಕದಲ್ಲಿ ಇಟ್ಟುಕೊಂಡ ಹುಲ್ಲಿನ ಉಂಡೆಯನ್ನು ಬಿರಡೆಯ ಹಾಗೆ ತೂತಿಗೆ ತುರುಕಬೇಕು. ಪ್ರಾಣಿ ದಣಿದಿರುತ್ತದೆ, ಗಾಬರಿಯಲ್ಲಿರುತ್ತದೆ. ಸ್ವಲ್ಪ ಹೊತ್ತು ಕತ್ತಲಲ್ಲಿ ಕೂತು ಸುಧಾರಿಸಿಕೊಂಡು, ಆಮೇಲೆ ತಾನೇ ಹುಲ್ಲು ಸರಿಸಿಕೊಂಡು ಹೊರಗೆ ಬರಲಿ ಅಂತ ಹೀಗೆ ಮಾಡುವುದು. ಹಾಗೆ ಬಂದ ಪ್ರಾಣಿಗೆ ಆ ಬಿಲ ತನ್ನದು ಅನ್ನಿಸುತ್ತದೆ, ಮೇಲೆ ಗಿಡುಗ ಸುಳಿದರೆ ಅಲ್ಲಿಗೇ ಓಡಿ ಬರುತ್ತದೆ. ಬಿರಡೆ ಹಾಕದೆ ಬಯಲಲ್ಲಿ ಸುಮ್ನೆ ಬಿಟ್ಟುಬಿಟ್ಟರೆ ದಿಕ್ಕು ತೋಚದೆ ಓಡುತ್ತದೆ, ಓಡಿದಲ್ಲೇ ಯಾವುದರದೋ ಬಾಯಿಗೆ ಬೀಳುತ್ತದೆ.

ನಾನು ಕೆಲಸದ ಮೇಲೆ ಚೆಕ್ ದೇಶಕ್ಕೆ ಬಂದವನು. ಕೆಲವು ಬೇಸಿಗೆಗಳಲ್ಲಿ ಆ ದೇಶದ ಪೂರ್ವ ಭಾಗವಾದ ಮೊರಾವಿಯಾದ ಒಂದು ಹುಲ್ಲುಗಾವಲಿನಲ್ಲಿ ಸ್ವಯಂಸೇವಕನಾಗಿ ಈ ಕೆಲಸ ಮಾಡಿದ್ದೇನೆ. ಯುರೋಪಿನಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇಂಥ ಕೆಲಸಕ್ಕೆ ಹೇಗೆ ಸೇರುವುದು, ಅಲ್ಲಿ ಏನು ಮಾಡಬೇಕು ಅಂತ ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಾಣಿಯ ಪರಿಚಯ. ಚೆಕ್ ಭಾಷೆಯಲ್ಲಿ ಇದು ಸಿಸೆಲ್. ಮಧ್ಯ ಮತ್ತು ಆಗ್ನೇಯ ಯುರೋಪ್ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ನೆಲದ ಅಳಿಲು. ನಮ್ಮ ಅಂಗಳದ ಅಳಿಲಿನ ಹಾಗೆ ಬೆನ್ನ ಮೇಲೆ ಮೂರು ಗೆರೆ ಇಲ್ಲ, ಮರ ಹತ್ತುವುದಿಲ್ಲ, ಬಾಲವೂ ಗಿಡ್ಡ. ಒಂದು ಗೇಣು ಉದ್ದ, 200ರಿಂದ 400 ಗ್ರಾಂ ತೂಕ. ಹಗಲಲ್ಲಿ ಓಡಾಡುತ್ತದೆ, ಗುಂಪಾಗಿ ಒಂದೇ ಬಯಲಲ್ಲಿ ಇರುತ್ತದೆ, ಆದರೆ ಒಂದೊಂದಕ್ಕೂ ತನ್ನದೇ ಬಿಲ. ಅಪಾಯ ಕಂಡರೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಸಿಳ್ಳೆ ಹಾಕುತ್ತದೆ. ಆಗಸ್ಟ್ ಹೊತ್ತಿಗೆ ದೊಡ್ಡವು ಬಿಲದ ಬಾಯಿ ಮುಚ್ಚಿಕೊಂಡು ಮಲಗಿದರೆ ಏಳುವುದು ಮಾರ್ಚ್‌ನಲ್ಲೇ. ವರ್ಷಕ್ಕೆ ಒಂದೇ ಸಲ ಮರಿ. ಈ ಕೊನೆಯ ಮಾತನ್ನು ನೆನಪಿಡಿ. ಒಂದು ವರ್ಷ ಕೆಟ್ಟರೆ ಅದನ್ನು ತುಂಬಿಕೊಳ್ಳಲು ಇನ್ನೊಂದು ವರ್ಷ ಕಾಯಬೇಕು.

ಒಂದು ಕಾಲದಲ್ಲಿ ಇದು ಕಾಳು ತಿನ್ನುವ ಪೀಡೆ ಅನ್ನಿಸಿಕೊಂಡಿತ್ತು. ಹಿಡಿದು ಕೊಟ್ಟವರಿಗೆ ದುಡ್ಡು ಕೊಡುತ್ತಿದ್ದ ದಿನಗಳೂ ಇದ್ದವು. ಆದರೆ ಇದನ್ನು ಮುಗಿಸಿದ್ದು ಬೇಟೆಗಿಂತ ಹೆಚ್ಚಾಗಿ ಹುಲ್ಲು. ದನ ಕುರಿ ಮೇಯುವುದು ನಿಂತಿತು, ಹುಲ್ಲು ಎತ್ತರಕ್ಕೆ ಬೆಳೆಯಿತು, ಅದರ ಹಿಂದೆಯೇ ಪೊದೆ ಬಂತು. ಉಳಿದ ಬಯಲನ್ನು ಉತ್ತರು, ಇಲ್ಲವೇ ಕಟ್ಟಡ ಕಟ್ಟಿದರು. ಜರ್ಮನಿಯಲ್ಲೂ ಪೋಲೆಂಡಿನಲ್ಲೂ 20ನೇ ಶತಮಾನ ಮುಗಿಯುವುದರೊಳಗೆ ಇದು ಪೂರ್ತಿ ಅಳಿದುಹೋಯಿತು. ಈಗ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಾಣಿ. ಪೋಲೆಂಡಿನವರು 2005ರಲ್ಲಿ ಕಾಮ್ಯೆನ್ ಶ್ಲೋನ್ಸ್ಕಿ ಎಂಬಲ್ಲಿನ ವಿಮಾನ ಮೈದಾನದಲ್ಲಿ, ಹಂಗೇರಿಯಿಂದ ತಂದ ಪ್ರಾಣಿಗಳನ್ನು ಬಿಟ್ಟು ಮತ್ತೆ ಶುರು ಮಾಡಿದರು.

ವಿಮಾನ ಮೈದಾನ ಯಾಕೆ ಅಂತೀರಾ? ಅಲ್ಲಿ ಹುಲ್ಲನ್ನು ತಪ್ಪದೆ ಕತ್ತರಿಸುತ್ತಾರೆ, ಅಷ್ಟೇ ಕಾರಣ. ಪ್ರಾಗ್‌ಗೆ ಹೋದರೆ ಮೆಟ್ರೋದಲ್ಲಿ ಲೆಟ್ನ್ಯಾನಿ ಎಂಬ ಕೊನೆಯ ನಿಲ್ದಾಣದವರೆಗೆ ಹೋಗಿ. ಪಕ್ಕದಲ್ಲೇ ಹುಲ್ಲಿನ ಸಣ್ಣ ವಿಮಾನ ಮೈದಾನವಿದೆ. ಸಿಸೆಲ್‌ಗಾಗಿಯೇ ಅದನ್ನು ಸಂರಕ್ಷಿತ ಜಾಗ ಮಾಡಿದ್ದಾರೆ. ಬಿಸಿಲಿರುವ ಮೇ ತಿಂಗಳ ಬೆಳಿಗ್ಗೆ ಅಲ್ಲಿ ಅರ್ಧ ಗಂಟೆ ಅಲ್ಲಾಡದೆ ನಿಂತರೆ, ಈ ಪ್ರಾಣಿಗೆ ಎಂಥ ಜಾಗ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹುಲ್ಲು ಮೊದಲು

ಪ್ರಾಣಿ ತರುವ ಮಾತು ಆಮೇಲೆ. ಜಾಗ ಸಿದ್ಧವಾಗಲು ಎರಡು ಮೂರು ವರ್ಷ ಬೇಕಾಗಬಹುದು, ಹಿಂದೆ ಉಳುತ್ತಿದ್ದ ಹೊಲವಾದರೆ ಇನ್ನೂ ಜಾಸ್ತಿ. ಹಳೆಯ ಹೊಲದ ಮಣ್ಣಿನಲ್ಲಿ ಗೊಬ್ಬರ ತುಂಬಿ ಹೋಗಿರುತ್ತದೆ, ಹಾಗಾಗಿ ಕಳೆ, ಒರಟು ಹುಲ್ಲು ಎಲ್ಲ ಸೊಂಟದವರೆಗೆ ಬೆಳೆಯುತ್ತವೆ. ಅದನ್ನು ಬಡವಾಗಿಸಬೇಕು. ಹೇಗೆ ಅಂದರೆ, ವರ್ಷ ವರ್ಷ ಹುಲ್ಲು ಕತ್ತರಿಸಿ ಆ ಹುಲ್ಲನ್ನು ಹೊತ್ತು ಹೊರಗೆ ಹಾಕಬೇಕು. ಕತ್ತರಿಸಿದ್ದನ್ನು ಅಲ್ಲೇ ಬಿಟ್ಟರೆ ಕೊಳೆತು ಮತ್ತೆ ಗೊಬ್ಬರವಾಗುತ್ತದೆ, ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಹೊಸಬರು ಅತಿ ಹೆಚ್ಚು ಮಾಡುವ ತಪ್ಪು ಇದೇ.

ಬೀಜ ಬಿತ್ತುವುದಾದರೆ ಅಂಗಡಿಯ ಲಾನ್ ಬೀಜ ಬೇಡ. ಸುತ್ತಮುತ್ತಲಿನ ಹಳೆಯ ಹುಲ್ಲುಗಾವಲಿನಿಂದ ಸಂಗ್ರಹಿಸಿದ ಬೀಜವೇ ಬೇಕು. ಚೆಕ್ ದೇಶದ ಪೂರ್ವದಲ್ಲಿರುವ ಬೀಲೆ ಕರ್ಪಾಟಿ ಗುಡ್ಡಗಳಲ್ಲಿ 1990ರ ದಶಕದಿಂದ ಹೀಗೆ ಆಯಾ ಸೀಮೆಯ ಬೀಜದ ಮಿಶ್ರಣ ಮಾಡಿ, ಉತ್ತ ಹೊಲಗಳನ್ನು ಮತ್ತೆ ಹುಲ್ಲುಗಾವಲು ಮಾಡುತ್ತಾ ಬಂದಿದ್ದಾರೆ. ಬೀಜ ಸಿಗದಿದ್ದರೆ ಇನ್ನೊಂದು ದಾರಿಯಿದೆ. ಹಳೆಯ ಹುಲ್ಲುಗಾವಲಿನ ಹುಲ್ಲನ್ನು ಬೀಜ ಬಲಿತ ಹೊತ್ತಲ್ಲಿ ಕೊಯ್ದು, ಹಸಿಯಾಗಿರುವಾಗಲೇ ತಂದು ಹೊಸ ಜಾಗದ ಮೇಲೆ ತೆಳ್ಳಗೆ ಹರಡುವುದು. ಸಿಸೆಲ್‌ಗೆ ಹುಲ್ಲು ಮಾತ್ರ ಸಾಲದು, ಕ್ಲೋವರ್ ಥರದ ಅಗಲ ಎಲೆಯ ಗಿಡಗಳು, ಬೀಜ, ಜೀರುಂಡೆ, ಮಿಡತೆ ಎಲ್ಲವೂ ಬೇಕು. ಒಂದೇ ಜಾತಿಯ ಹುಲ್ಲು ಹಸಿರು ಕಂಬಳಿಯ ಹಾಗೆ ಚೆಂದ ಕಾಣಬಹುದು, ಆದರೆ ಅದರ ಹೊಟ್ಟೆ ತುಂಬಿಸುವುದಿಲ್ಲ.

ಮಣ್ಣು ನೋಡಿ. ನೀರು ನಿಲ್ಲುವ ತಗ್ಗು ಬೇಡ, ಅಂತರ್ಜಲ ಮೇಲಿರುವ ಜಾಗ ಬೇಡ. ಆರೇಳು ತಿಂಗಳು ನೆಲದೊಳಗೆ ಮಲಗುವ ಪ್ರಾಣಿ ಇದು, ಚಳಿಗಾಲದ ಕೊನೆಗೆ ಹಿಮ ಕರಗಿ ಬಿಲಕ್ಕೆ ನೀರು ನುಗ್ಗಿದರೆ ಮಲಗಿದಲ್ಲೇ ಸಾಯುತ್ತದೆ. ಮಾರ್ಚ್‌ನಲ್ಲಿ ಒಂದು ಸಲ ಹೋಗಿ ಬೂಟು ಎಲ್ಲೆಲ್ಲಿ ಹೂತುಕೊಳ್ಳುತ್ತದೆ ಅಂತ ನಡೆದು ನೋಡಿ, ಅಲ್ಲಿಗೆಲ್ಲ ನಕ್ಷೆಯಲ್ಲಿ ಗುರುತು ಹಾಕಿ. ಸ್ವಲ್ಪ ಇಳಿಜಾರು, ಬಿಸಿಲು ಬೀಳುವ ಮುಖ, ತೋಡಿದರೆ ಕುಸಿಯದ ಮಣ್ಣು ಇದ್ದರೆ ಒಳ್ಳೆಯದು.

ಇನ್ನು ಎತ್ತರ. ಹುಲ್ಲು 20 ಸೆಂ.ಮೀ. ದಾಟಬಾರದು. ಅದಕ್ಕಿಂತ ಗಿಡ್ಡ ಇದ್ದರೆ ಇನ್ನೂ ವಾಸಿ. ಹಿಂಗಾಲ ಮೇಲೆ ನಿಂತಾಗ ತಲೆ ಹುಲ್ಲಿನ ಮೇಲೆ ಬರಬೇಕು, ನಾಲ್ಕೂ ದಿಕ್ಕು ಕಾಣಬೇಕು. ನೀವೇ ಮೊಣಕಾಲೂರಿ, ಗಲ್ಲವನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ತಂದು ನೋಡಿ. ಏನೂ ಕಾಣದಿದ್ದರೆ ಅದಕ್ಕೂ ಕಾಣುವುದಿಲ್ಲ. ಯಂತ್ರಕ್ಕಿಂತ ಕುರಿ ಹಿಂಡು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕುರಿ ಎಲ್ಲ ಕಡೆ ಒಂದೇ ಮಟ್ಟಕ್ಕೆ ಮೇಯುವುದಿಲ್ಲ, ಅದರ ಹಿಕ್ಕೆಗೆ ಜೀರುಂಡೆ ಬರುತ್ತವೆ, ಜೀರುಂಡೆಯನ್ನು ಸಿಸೆಲ್ ತಿನ್ನುತ್ತದೆ. ಆದರೆ ಕುರುಬರ ಹತ್ತಿರ ಜಂತುಹುಳದ ಔಷಧಿಯ ಬಗ್ಗೆ ಮೊದಲೇ ಮಾತಾಡಿ. ಐವರ್‌ಮೆಕ್ಟಿನ್ ಕೊಟ್ಟ ಹೊಸದರಲ್ಲಿ ಹಿಂಡನ್ನು ಬಿಟ್ಟರೆ ಹಿಕ್ಕೆಯಲ್ಲಿರುವ ಮದ್ದು ಜೀರುಂಡೆಗಳನ್ನೇ ಕೊಲ್ಲುತ್ತದೆ.

ಮತ್ತೆ, ದಯವಿಟ್ಟು ಮರ ನೆಡಬೇಡಿ. ಖಾಲಿ ಬಯಲು ಕಂಡರೆ ಗಿಡ ನೆಡಬೇಕು ಅನ್ನಿಸುವುದು ಎಲ್ಲ ಕಡೆಯೂ ಇದೆ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲಲ್ಲೂ ನೀಲಗಿರಿ ನೆಟ್ಟರಲ್ಲ, ಹಾಗೇ. ಹುಲ್ಲು ಬಯಲು ಬಂಜರಲ್ಲ. ನೆಟ್ಟ ಒಂದೊಂದು ಮರವೂ ಹದ್ದು ಗಿಡುಗಗಳಿಗೆ ಕೂತು ಹೊಂಚು ಹಾಕುವ ಕಂಬವಾಗುತ್ತದೆ.

ನಮಗೆ ಬಿದ್ದ ಪೆಟ್ಟು

ನಾನು ಸೇರಿದ ಮೊದಲ ವರ್ಷ ಬಿಟ್ಟ ಪ್ರಾಣಿಗಳು ಚೆನ್ನಾಗಿಯೇ ನೆಲೆಸಿದ್ದವು. ಮರು ವರ್ಷ ಜೂನ್‌ನಲ್ಲಿ ಮಳೆ ಹಿಡಿಯಿತು. ಹುಲ್ಲು ಕತ್ತರಿಸಲು ಒಪ್ಪಿಕೊಂಡವರು ಇವತ್ತು ನಾಳೆ ಅಂತ ಮೂರು ವಾರ ತಳ್ಳಿದರು, ನಾವೂ ನೆಲ ಒಣಗಲಿ ಅಂತ ಸುಮ್ಮನಿದ್ದೆವು. ಹುಲ್ಲು ಮೊಣಕಾಲು ಮುಟ್ಟಿತು. ಒಂದು ದಿನ ಹೋಗಿ ನೋಡಿದರೆ ಬಯಲು ಮೌನ, ಒಂದು ಸಿಳ್ಳೆಯೂ ಇಲ್ಲ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದೆಲ್ಲಿ ಗೊತ್ತಾ? ಪಕ್ಕದ ಹಳ್ಳಿಯ ಫುಟ್‌ಬಾಲ್ ಮೈದಾನದಲ್ಲಿ. ಗೋಲ್ ಕಂಬದ ಹಿಂದೆ ಬಿಲ ತೋಡಿಕೊಂಡು ನಿಂತಿದ್ದವು. ನಾವು ವರ್ಷಗಟ್ಟಲೆ ಬೀಜ ಬಿತ್ತಿ ಮಾಡಿದ ಹುಲ್ಲುಗಾವಲಿಗಿಂತ, ವಾರಕ್ಕೊಮ್ಮೆ ಕತ್ತರಿಸುವ ಆ ಮೈದಾನ ಅವಕ್ಕೆ ಮನೆ ಅನ್ನಿಸಿತ್ತು. ದಾರಿಯಲ್ಲಿ ರಸ್ತೆಯೊಂದಿತ್ತು. ದಾಟಲಾಗದೆ ಸತ್ತ ಎರಡನ್ನು ನಾನೇ ಎತ್ತಿದೆ.

ಹಾಗಾಗಿ ನನ್ನ ಮಾತು ಇಷ್ಟು. ಬಿಡುವ ದಿನದ ಖರ್ಚು ಲೆಕ್ಕ ಹಾಕುವ ಮೊದಲು, ಮುಂದಿನ ಐದಾರು ವರ್ಷ ಹುಲ್ಲು ಕತ್ತರಿಸುವವರು ಯಾರು, ಅವರಿಗೆ ದುಡ್ಡು ಎಲ್ಲಿಂದ, ಯಂತ್ರ ಕೆಟ್ಟರೆ ಇನ್ನೊಬ್ಬರು ಯಾರು ಅನ್ನುವುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದಕ್ಕೆ ಉತ್ತರವಿಲ್ಲದಿದ್ದರೆ ಪ್ರಾಣಿ ತರಬೇಡಿ.

ಅನುಮತಿ, ಮತ್ತು ಎಲ್ಲಿಂದ ತರುವುದು

ಇದು ಒಬ್ಬರೇ ಮಾಡುವ ಕೆಲಸವಲ್ಲ, ಮಾಡಲೂ ಬಾರದು. ಐರೋಪ್ಯ ಒಕ್ಕೂಟದ 1992ರ ಆವಾಸ ನಿರ್ದೇಶನ ಎಂಬ ಕಾನೂನಿನ ಪ್ರಕಾರ ಸಿಸೆಲ್‌ಗೆ ಕಟ್ಟುನಿಟ್ಟಿನ ರಕ್ಷಣೆ ಇದೆ. ಹಿಡಿಯಲು, ಸಾಗಿಸಲು, ಬಿಡಲು ಅನುಮತಿ ಬೇಕೇ ಬೇಕು. ಆಯಾ ದೇಶದ ನಿಸರ್ಗ ಸಂರಕ್ಷಣಾ ಇಲಾಖೆ ಅಥವಾ ಅದರ ಜೊತೆ ಕೆಲಸ ಮಾಡುವ ಸಂಸ್ಥೆಗೆ ಸ್ವಯಂಸೇವಕರಾಗಿ ಸೇರಿಕೊಳ್ಳುವುದೇ ದಾರಿ. ಸೇರಿದ ಮೇಲೆ ಪ್ರಾಣಿ ಸ್ಥಳಾಂತರದ ಬಗ್ಗೆ ಐಯುಸಿಎನ್ 2013ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಒಂದು ಸಲ ಓದಿ. ಅದರಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ಈ ಪ್ರಾಣಿ ಇಲ್ಲಿಂದ ಯಾಕೆ ಹೋಯಿತು, ಆ ಕಾರಣ ಈಗ ಇಲ್ಲವೇ ಅನ್ನುವುದು.

ಪ್ರಾಣಿ ಬರುವುದು ಎರಡು ಕಡೆಯಿಂದ. ತುಂಬಿದ ದೊಡ್ಡ ಗುಂಪಿನಿಂದ, ಇಲ್ಲವೇ ಸಾಕಿ ಬೆಳೆಸಿದ ಕೇಂದ್ರದಿಂದ. ಚೆಕ್ ದೇಶದಲ್ಲಿ ಉಳಿದಿರುವ ಗುಂಪುಗಳು ಒಂದಕ್ಕೊಂದು ದೂರ ದೂರ, ನಡುವೆ ರಸ್ತೆ, ಹೊಲ, ಊರು. ಹಾಗಾಗಿ ಅವುಗಳ ರಕ್ತಸಂಬಂಧ ತೀರಾ ಹತ್ತಿರವಾಗಿಬಿಟ್ಟಿದೆ. ಒಂದೇ ಸಣ್ಣ ಗುಂಪಿನಿಂದ ತಂದರೆ ಆ ತೊಂದರೆಯನ್ನೂ ಹೊಸ ಜಾಗಕ್ಕೆ ಹೊತ್ತು ತಂದಂತೆ.

ಎಷ್ಟು ಬೇಕು? ಹಿಂದೆ ನಡೆದ ಪ್ರಯತ್ನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು 2010ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಒಂದು ಋತುವಿಗೆ ಕನಿಷ್ಠ 23, ಒಟ್ಟಾರೆ ಕನಿಷ್ಠ 60. ಅಂದರೆ ಒಂದೇ ವರ್ಷಕ್ಕೆ ಮುಗಿಯುವ ಕೆಲಸವಲ್ಲ. ಹತ್ತು ಹನ್ನೆರಡು ಬಿಟ್ಟು ಫೋಟೋ ತೆಗೆದುಕೊಂಡು ಬಂದರೆ, ಗಿಡುಗಗಳಿಗೆ ಊಟ ಹಾಕಿ ಬಂದ ಹಾಗೆ.

ಹಿಡಿಯುವುದಕ್ಕೆ ಉರುಲು ಅಥವಾ ಬೋನು ಬಳಸುತ್ತಾರೆ. ಹಂಗೇರಿಯ ಹಳ್ಳಿಗಳಲ್ಲಿ ಹಿಂದೆ ಬಿಲಕ್ಕೆ ನೀರು ಹೊಯ್ದು ಹೊರಗೆ ಬರಿಸುತ್ತಿದ್ದರು. ನಮ್ಮ ಕಡೆ ಹೊಲದ ಇಲಿಗೆ ಮಾಡುತ್ತಾರಲ್ಲ, ಅದೇ ಉಪಾಯ. ಉರುಲು ಹಾಕಿದ ಮೇಲೆ ಅಲ್ಲಿಂದ ಕದಲಬಾರದು, ಕಣ್ಣು ಅದರ ಮೇಲೇ ಇರಬೇಕು. ಹಿಡಿದದ್ದನ್ನು ತೂಗಿ, ಗಂಡೋ ಹೆಣ್ಣೋ ನೋಡಿ, ಚರ್ಮದ ಕೆಳಗೆ ಅಕ್ಕಿ ಕಾಳಿನಷ್ಟು ಮೈಕ್ರೋಚಿಪ್ ಹಾಕುತ್ತಾರೆ. ಅದನ್ನು ಪಶುವೈದ್ಯರು ಮಾಡಲಿ. ಚಿಗಟ, ಉಣ್ಣೆ ಇದ್ದರೆ ಅಲ್ಲೇ ನೋಡಿಕೊಳ್ಳಿ. ಅಮೆರಿಕದಲ್ಲಿ ಪ್ರೇರಿ ಡಾಗ್ ಎಂಬ, ಸಿಸೆಲ್‌ನ ಸಂಬಂಧಿ ನೆಲದ ಅಳಿಲುಗಳ ಇಡೀ ಕಾಲೊನಿಗಳನ್ನು ಚಿಗಟದಿಂದ ಬರುವ ಪ್ಲೇಗ್ ಗುಡಿಸಿ ಹಾಕಿದ್ದುಂಟು, ಅಲ್ಲಿ ಬಿಲ ಬಿಲಕ್ಕೂ ಚಿಗಟದ ಪುಡಿ ಊದುತ್ತಾರೆ.

ಒಂದೊಂದನ್ನೂ ಬೇರೆ ಬೇರೆ ಗೂಡಿನಲ್ಲಿ ಸಾಗಿಸಿ. ಒಳಗೆ ಒಣ ಹುಲ್ಲು, ಬಾಯಾರಿಕೆಗೆ ಸೇಬಿನ ಹೋಳು. ಬಿಸಿಲೇರುವ ಮೊದಲು ತಲುಪಬೇಕು. ಯಾವುದು ಯಾವುದರ ಪಕ್ಕದಲ್ಲಿ ಹಿಡಿದದ್ದು ಅಂತ ಬರೆದಿಟ್ಟುಕೊಳ್ಳಿ, ಬಿಡುವಾಗಲೂ ಅಕ್ಕಪಕ್ಕ ಬಿಡಿ. ಪ್ರೇರಿ ಡಾಗ್‌ಗಳಲ್ಲಿ ಒಂದೇ ಕುಟುಂಬವನ್ನು ಒಟ್ಟಿಗೆ ಬಿಟ್ಟಾಗ ಹೆಚ್ಚು ಉಳಿದದ್ದು ಗೊತ್ತಾಗಿದೆ. ಸಿಸೆಲ್ ಅಷ್ಟು ಕುಟುಂಬಸ್ಥ ಪ್ರಾಣಿಯಲ್ಲ ನಿಜ, ಆದರೂ ಗೊತ್ತಿರುವ ನೆರೆಯವರು ಇರುವುದರಿಂದ ನಷ್ಟವೇನಿಲ್ಲ.

ಬಿಲ ಕೊರೆಯುವುದು ಮತ್ತು ಬಿಡುವುದು

ಯಾವಾಗ? ಹೊಟ್ಟೆಯಲ್ಲಿ ಮರಿ ಇರುವ, ಹಾಲೂಡಿಸುವ ತಿಂಗಳುಗಳಲ್ಲಿ ಮುಟ್ಟಲೇಬೇಡಿ. ನಾವು ಜುಲೈ ಮೊದಲ ವಾರಗಳನ್ನು ಆರಿಸಿಕೊಂಡೆವು. ಆ ಹೊತ್ತಿಗೆ ಮರಿಗಳು ತಾಯಿಯನ್ನು ಬಿಟ್ಟು ತಾವೇ ಮೇಯುತ್ತಿರುತ್ತವೆ, ಚಳಿಗಾಲದ ನಿದ್ದೆಗೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಲೂ ಸಮಯ ಇರುತ್ತದೆ. ತಡವಾದಷ್ಟೂ ಆ ಸಮಯ ಕಮ್ಮಿ.

ಬಿಲಗಳನ್ನು ಹಿಂದಿನ ದಿನವೇ ಕೊರೆದಿಡಿ. ಕಂಬದ ಗುಂಡಿ ತೋಡುವ ಡ್ರಿಲ್ ಇದೆಯಲ್ಲ, ಅದರ ಸಣ್ಣ ಅಲಗಿನಲ್ಲಿ ಓರೆಯಾಗಿ, ಅರ್ಧ ಮೀಟರ್‌ಗೆ ಕಮ್ಮಿಯಿಲ್ಲದ ಉದ್ದಕ್ಕೆ, ಪ್ರಾಣಿಯ ಮೈ ತಾಗುವಷ್ಟೇ ಅಗಲಕ್ಕೆ ಕೊರೆಯಬೇಕು. ಅಗಲ ಜಾಸ್ತಿಯಾದರೆ ಅದಕ್ಕೆ ಅದು ಬಿಲ ಅನ್ನಿಸುವುದಿಲ್ಲ, ಬೇಟೆಗಾರ ಪ್ರಾಣಿಗಳಿಗೂ ಒಳಗೆ ನುಗ್ಗಲು ಸುಲಭವಾಗುತ್ತದೆ. ನೇರ ಕೆಳಕ್ಕೆ ಕೊರೆದರೆ ಮಳೆ ನೀರು ತುಂಬುತ್ತದೆ. ಒಂದರಿಂದ ಇನ್ನೊಂದಕ್ಕೆ ಕೆಲವು ಮೀಟರ್ ಅಂತರವಿರಲಿ, ಪ್ರಾಣಿಗಳಿಗಿಂತ ಬಿಲಗಳು ಜಾಸ್ತಿ ಇರಲಿ. ಹೆಚ್ಚಿನವನ್ನು ಅವೇ ಹುಡುಕಿಕೊಂಡು ಬಳಸುತ್ತವೆ.

ಬಿಡುವುದು ಬೆಳಿಗ್ಗೆಯೇ. ಹಂಗೇರಿಯಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಬೆಳಿಗ್ಗೆ, ಬಾಯಿ ಮುಚ್ಚಿದ ಬಿಲಕ್ಕೆ ಬಿಟ್ಟವು ಜಾಸ್ತಿ ಅಲ್ಲೇ ನಿಂತವು. ಹಗಲಿಡೀ ಸುತ್ತಿ ನೋಡಲು, ಬಿಲವನ್ನು ಆಳ ಮಾಡಿಕೊಳ್ಳಲು ಅವಕಾಶ ಇರುತ್ತದಲ್ಲ. ನಾನು ಮೊದಲು ಹೇಳಿದ ಹುಲ್ಲಿನ ಬಿರಡೆಯ ಜೊತೆಗೆ, ಸಾಕಿದ ಪ್ರಾಣಿಗಳಾದರೆ ಬಿಲದ ಮೇಲೆ ತಳವಿಲ್ಲದ ಜಾಲರಿ ಗೂಡನ್ನು ಕವುಚಿ ಕೆಲವು ದಿನ ಇಡುವುದು ಒಳ್ಳೆಯದು. ಒಳಗೇ ಕ್ಯಾರೆಟ್, ಸೇಬು, ಓಟ್ಸ್, ಸೂರ್ಯಕಾಂತಿ ಬೀಜ. ಅಷ್ಟರಲ್ಲಿ ಅವು ಜಾಲರಿಯ ಕೆಳಗಿಂದ ತಾವೇ ಸುರಂಗ ತೋಡಿ ಹೊರಗೆ ಬಂದಿರುತ್ತವೆ. ಗೂಡು ಖಾಲಿ, ಮಾರುದೂರದಲ್ಲಿ ಹೊಸ ಮಣ್ಣಿನ ಗುಡ್ಡೆ, ಅದರ ಮೇಲೆ ಎರಡು ಕಾಲಲ್ಲಿ ನಿಂತ ಸಿಸೆಲ್. ಅದನ್ನು ನೋಡಿದ ದಿನ ನನಗೆ ಊಟ ಬೇಕಾಗಿರಲಿಲ್ಲ.

ಬಿಟ್ಟ ಮೇಲಿನ ಎರಡು ವಾರ ಯಾರಾದರೂ ಅಲ್ಲೇ ಇರಬೇಕು. ನರಿ, ಊರ ಬೆಕ್ಕು, ಬಿಚ್ಚಿಬಿಟ್ಟ ನಾಯಿ, ಮೇಲಿನಿಂದ ಗಿಡುಗ. ಮನುಷ್ಯ ಇದ್ದರೆ ಹಗಲಲ್ಲಿ ಇವೆಲ್ಲ ಸ್ವಲ್ಪ ದೂರ ಇರುತ್ತವೆ. ಆದರೆ ಗಿಡುಗ ಹದ್ದುಗಳ ಮೇಲೆ ಸಿಟ್ಟು ಬೇಡ. ಸೇಕರ್ ಫಾಲ್ಕನ್ ಮತ್ತು ಇಂಪೀರಿಯಲ್ ಹದ್ದಿಗೆ ಸಿಸೆಲ್ ಮುಖ್ಯ ಆಹಾರಗಳಲ್ಲೊಂದು. ಹಂಗೇರಿಯಲ್ಲಿ ಆ ಹಕ್ಕಿಗಳನ್ನು ಉಳಿಸಲೆಂದೇ ಸಿಸೆಲ್‌ಗಳನ್ನು ಹೊಸ ಬಯಲುಗಳಿಗೆ ಬಿಟ್ಟಿದ್ದಾರೆ. ಗುಂಪು ದೊಡ್ಡದಾದ ಮೇಲೆ ಹಕ್ಕಿ ಬಂದರೆ ಕೆಲಸ ಸರಿಯಾಯಿತು ಅಂತಲೇ ಅರ್ಥ. ಜನ ತಿನ್ನಿಸುವುದು ಮಾತ್ರ ನಿಲ್ಲಬೇಕು. ಉಪ್ಪು ಹಾಕಿದ ಕಡಲೆಕಾಯಿ, ಬ್ರೆಡ್ ಎಲ್ಲ ಕೊಡುತ್ತಾರೆ, ಪ್ರೀತಿಯಿಂದಲೇ. ಅದಕ್ಕೆ ಫಲಕಕ್ಕಿಂತ ಮಾತು ಒಳ್ಳೆಯದು. ಸುತ್ತಲಿನ ರೈತರ ಮನೆಗೂ ಬಿಡುವ ಮೊದಲೇ ಹೋಗಿ ಬನ್ನಿ. ಕಾಳಿಗೆ ತೊಂದರೆಯಾಗುತ್ತಾ ಅಂತ ಅವರು ಕೇಳುವುದು ನ್ಯಾಯವೇ. ಎತ್ತರದ ಬೆಳೆಯೊಳಗೆ ಇದು ಇರಲು ಇಷ್ಟಪಡುವುದಿಲ್ಲ ಅಂತ ಬಿಡಿಸಿ ಹೇಳಿ, ಆಮೇಲೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತ ನಂಬರ್ ಕೊಟ್ಟು ಬನ್ನಿ.

ಮುಂದಿನ ಮಾರ್ಚ್

ಸೆಪ್ಟೆಂಬರ್ ಕಳೆದ ಮೇಲೆ ಆ ಬಯಲಿಗೆ ಟ್ರ್ಯಾಕ್ಟರ್ ಇಳಿಸಬೇಡಿ. ಮಲಗಿರುವವು ನಿಮ್ಮ ಕಾಲ ಕೆಳಗೇ ಇವೆ. ಹೋಗುವುದು ಮಾರ್ಚ್ ಕೊನೆಯಲ್ಲಿ, ಬಿಸಿಲಿರುವ ದಿನ. ಮೊದಲು ಗಂಡುಗಳು ಏಳುತ್ತವೆ, ಆಮೇಲೆ ಹೆಣ್ಣು.

ಬೈನಾಕ್ಯುಲರ್ ಹಿಡಿದು ಎಣಿಸುವುದು ಸರಿ, ಆದರೆ ನೆಲವನ್ನೂ ಓದಲು ಕಲಿಯಿರಿ. ಸಿಸೆಲ್‌ನ ಬಿಲಗಳಲ್ಲಿ ಎರಡು ಥರ. ಓರೆಯಾಗಿ ಇಳಿಯುವುದು ಹೊರಗಿನಿಂದ ತೋಡಿದ್ದು, ಬಾಯಲ್ಲಿ ಮಣ್ಣಿನ ಗುಡ್ಡೆ ಇರುತ್ತದೆ. ಇನ್ನೊಂದು ನೆಟ್ಟಗೆ ಕೆಳಕ್ಕೆ, ಬಾಯಲ್ಲಿ ಒಂದು ಹಿಡಿ ಮಣ್ಣೂ ಇಲ್ಲ. ಅದು ಒಳಗಿನಿಂದ ಮೇಲಕ್ಕೆ ತೋಡಿಕೊಂಡು ಬಂದದ್ದು, ಮಣ್ಣೆಲ್ಲ ಕೆಳಗೇ ಉಳಿದಿದೆ. ಮಾರ್ಚ್‌ನಲ್ಲಿ ಹೊಸದಾಗಿ ಅಂಥ ತೂತು ಕಂಡರೆ, ಅಲ್ಲೊಂದು ಪ್ರಾಣಿ ಚಳಿಗಾಲ ದಾಟಿತು ಅಂತ ಬರೆದುಕೊಳ್ಳಿ. ಫುಟ್‌ಬಾಲ್ ಮೈದಾನದ ಘಟನೆ ಆದ ಮರು ವರ್ಷ ನಾನು ಹೆದರಿಕೊಂಡೇ ಹೋಗಿದ್ದೆ. ಒಣ ಹುಲ್ಲಿನ ನಡುವೆ ಮೂರು ಬೆರಳಿನಷ್ಟು ಅಗಲದ, ಗುಡ್ಡೆಯಿಲ್ಲದ, ಅಂಚು ಇನ್ನೂ ಒದ್ದೆಯಿರುವ ತೂತೊಂದು ಕಂಡಾಗ ಅಲ್ಲೇ ಮೊಣಕಾಲೂರಿ ಕೂತುಬಿಟ್ಟೆ. ಆ ಬೆಳಿಗ್ಗೆ ಅಂಥವೇ ಇನ್ನೂ ಕೆಲವು ಸಿಕ್ಕವು.

ಒಂದೊಂದರ ಪಕ್ಕಕ್ಕೂ ಜಿಪಿಎಸ್ ಗುರುತು ಹಾಕಿ. ಜೂನ್‌ನಲ್ಲಿ ಮತ್ತೆ ಹೋದಾಗ ಅವುಗಳ ಸುತ್ತ ಮರಿಗಳು ಹೊರಬಂದಿವೆಯಾ ನೋಡಿ. ಬಿಟ್ಟವು ಬದುಕಿದ್ದಕ್ಕಿಂತ, ಅಲ್ಲಿ ಹುಟ್ಟಿದವು ಇನ್ನೊಂದು ಮಾರ್ಚ್‌ನಲ್ಲಿ ಎದ್ದು ಬರುವುದು ದೊಡ್ಡದು. ಅಲ್ಲಿಯವರೆಗೆ ಎರಡನೇ ವರ್ಷ, ಮೂರನೇ ವರ್ಷವೂ ಪ್ರಾಣಿಗಳನ್ನು ತಂದು ಬಿಡುತ್ತಾ ಹೋಗಬೇಕು. ಈ ನಡುವೆ ಏಪ್ರಿಲ್ ಕೊನೆಯಲ್ಲಿ ಹುಲ್ಲು ಕತ್ತರಿಸುವವರಿಗೆ ಒಂದು ಫೋನ್ ಮಾಡಿ, ಮೇ ಮೊದಲ ವಾರಕ್ಕೆ ದಿನ ಗೊತ್ತು ಮಾಡಿಕೊಳ್ಳಿ.